ಆ ಟ್ಯಾಂಕ್ ನನಗೇ ಬೇಕು!

"ಮಗುವಿಗೆ ಎಷ್ಟು ವಯಸ್ಸು ಮೇಡಂ?"

"ಮೂವತ್ತೊಂದು. ನಿಮ್ಮೆದುರಿಗೇ ನಿಂತಿದೆ!"

ಆಟಿಕೆ ಅಂಗಡಿಯ ಮೆಕ್ಯಾನಿಕ್ ನಾಲಿಗೆ ಕಚ್ಚಿಕೊಂಡ. ಎದುರಿಗಿದ್ದವಳು ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವಳು. ರಿಮೋಟಿನಿಂದ ಓಡುವ ಯುದ್ಧ ಟ್ಯಾಂಕಿನ ಆಸೆ ಅವಳಿಗೆ ಚಿಕ್ಕಂದಿನದು. ಆಗ ಅಣ್ಣನಿಗೆ ಟ್ಯಾಂಕ್, ಇವಳಿಗೆ ಗೊಂಬೆ! ಈಗ ಸಂಬಳ ಅವಳದು. ಬೇಡ ಅನ್ನೋಕೆ ಯಾರಿಗೇನು ಹಕ್ಕು?

ಅವನು ಒಂದೊಂದನ್ನೇ ಇಳಿಸಿ ತೋರಿಸಿದ. ಪ್ಲಾಸ್ಟಿಕ್ ಚೈನಿನದು ನುಣುಪು ನೆಲದಲ್ಲಿ ಜಾರುತ್ತದಂತೆ, ಕಬ್ಬಿಣದ್ದು ಎಂಥ ದಿಬ್ಬವನ್ನೂ ಹತ್ತುತ್ತದಂತೆ... ಹೇಳುತ್ತಾ ಹೇಳುತ್ತಾ ಅವನ ಕಣ್ಣು ಮಿನುಗುತ್ತಿದ್ದವು.

ಅಯ್ಯೋ, ಇವನೂ ನನ್ನ ಹಾಗೇ ಹುಚ್ಚ! ಅವಳಿಗೆ ಒಳಗೊಳಗೇ ಖುಷಿಯಾಯಿತು.

"ಮೇಲಿನ ಬೂದು ಬಣ್ಣದ್ದು ಕೊಡಿ."

ಅವನ ಮುಖ ಸಪ್ಪಗಾಯಿತು. ಗಲ್ಲಾದಲ್ಲಿದ್ದ ಮಾಲೀಕನ ಕಡೆ ನೋಡಿ, "ಅದು... ನಿಮಗೆ ಬೇಡ ಮೇಡಂ" ಎಂದ.

"ಯಾಕೆ? ಹೆಂಗಸು ಅಂತಲಾ?"

ಅವನು ತಲೆ ತಗ್ಗಿಸಿ ಉಳಿದ ಟ್ಯಾಂಕುಗಳನ್ನು ಎತ್ತಿಡತೊಡಗಿದ. ಅವಳು ಬಾಗಿಲು ತಳ್ಳಿ ಹೊರಬಿದ್ದಳು. ಎಲ್ಲರೂ ಒಂದೇ! ಇವನಾದರೂ ಬೇರೆ ಅಂದುಕೊಂಡೆನಲ್ಲ...

ಮನೆಯಲ್ಲಿ ಅಣ್ಣ ಉರಿಯುವ ಬೆಂಕಿಗೆ ತುಪ್ಪ ಸುರಿದ. "ಟ್ಯಾಂಕ್ ಈ ಮನೆಗೆ ಬಂದ್ರೆ ನಿನಗೆ ಯಾವ ಗಂಡೂ ಬರಲ್ಲ, ನೋಡ್ತಿರು!"

"ಹಾಗಾದ್ರೆ ಟ್ಯಾಂಕೇ ಬರಲಿ ಬಿಡು!"

ಮರುದಿನ ಕೆಲಸ ಮುಗಿಸಿ ಸೀದಾ ಅಂಗಡಿಗೇ ಹೋದಳು. "ಆ ಟ್ಯಾಂಕ್ ನನಗೇ ಬೇಕು. ಕೊಡೋವರೆಗೂ ಇಲ್ಲಿಂದ ಕದಲಲ್ಲ!"

"ಕೊಡಪ್ಪಾ, ಗಿರಾಕಿ ಅಂದ್ರೆ ದೇವರು" ಎಂದು ಮಾಲೀಕ ಹಲ್ಲು ಕಿರಿದ.

ಮೆಕ್ಯಾನಿಕ್ ಟ್ಯಾಂಕ್ ಇಳಿಸಿದ. ಆದರೆ ಅವಳ ಕೈಗೆ ಕೊಡಲಿಲ್ಲ. ಬಂದದ್ದು ಬರಲಿ ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟ.

"ಯಾರೋ ವಾಪಸ್ ಕೊಟ್ಟುಹೋದ ಮಾಲು ಇದು. ಗಿಯರ್ ಹಲ್ಲು ಸವೆದಿದೆ. ಬಣ್ಣ ಹಚ್ಚಿ ಹೊಸದು ಅಂತ ಇಟ್ಟಿದ್ದಾರೆ. ನಿನ್ನೆ ಹೇಳೋ ಧೈರ್ಯ ಬರಲಿಲ್ಲ. ನೀವು ಹೋದ ಮೇಲೆ ಊಟ ಸೇರಲಿಲ್ಲ ರೀ!"

ಮಾಲೀಕ ಕೆಂಡವಾದ. "ಉಂಡ ಮನೆಗೆ ಎರಡು ಬಗೀತೀಯಾ? ನಾಳೆಯಿಂದ ಇತ್ತ ತಲೆ ಹಾಕಬೇಡ!"

"ನಾಳೆ ಯಾಕೆ? ಈಗಲೇ ಹೊರಟೆ."

ಅವಳು ತನ್ನನ್ನೇ ಬೈದುಕೊಂಡಳು. ಎಂಥ ತಪ್ಪು ತಿಳಿದೆ! ಆದರೆ ಅಳುತ್ತ ನಿಲ್ಲುವ ಪೈಕಿ ಅಲ್ಲ ಅವಳು. ಮಾಲೀಕನ ಕಡೆ ತಿರುಗಿದಳು.

"ಸವೆದ ಮಾಲಿಗೆ ಅರ್ಧ ಬೆಲೆ. ಇಲ್ಲಾಂದ್ರೆ ಬಾಗಿಲಲ್ಲಿ ನಿಂತು ಬರೋರಿಗೆಲ್ಲ ಹೇಳ್ತೀನಿ!"

ಮಾಲೀಕ ಕಮಕ್ ಕಿಮಕ್ ಅನ್ನದೆ ಬಿಲ್ ಬರೆದ.

ಇಬ್ಬರೂ ಫುಟ್‌ಪಾತಿಗೆ ಬಂದ ಮೇಲೆ ಮೆಕ್ಯಾನಿಕ್ ಮೆಲ್ಲಗೆ ಕೇಳಿದ. "ಹಾಳಾದ್ದು ಅಂತ ಗೊತ್ತಿದ್ದೂ ಯಾಕೆ ತಗೊಂಡ್ರಿ?"

"ನೀವು ರಿಪೇರಿ ಮಾಡಿಕೊಡ್ತೀರಿ ಅಂತ."

"ನಾನೀಗ ಕೆಲಸ ಇಲ್ಲದವನು..."

"ನನಗಿದೆಯಲ್ಲ ಕೆಲಸ! ನಿಮಗೂ ಸಿಗುತ್ತೆ ಬಿಡಿ. ನೋಡಿ, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನೀವು ನನಗೆ ಇಷ್ಟ ಆದ್ರಿ. ಯಾರು ಏನು ಬೇಕಾದ್ರೂ ಅಂದುಕೊಳ್ಳಲಿ!"

ಅವನ ಕಿವಿ ಕೆಂಪಾದವು. "ನನಗಂತೂ... ನಿನ್ನೆಯಿಂದಲೇ."

ಅವಳ ಎದೆ ಢವಢವ ಹೊಡೆದುಕೊಂಡಿತು. ಆದರೂ ಬಿಗುಮಾನ ಬಿಡಲಿಲ್ಲ. "ಸರಿ, ಗಿಯರ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

"ಎರಡು ಗಂಟೆ ಸಾಕು."

"ಬರೀ ಎರಡು ಗಂಟೆನಾ?"

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ನಕ್ಕ. "ಸರಿಯಾಗಿ ಮಾಡಬೇಕು ಅಂದ್ರೆ... ಒಂದು ಜನ್ಮ ಹಿಡಿಯಬಹುದು."

"ನನಗೇನೂ ಅವಸರ ಇಲ್ಲ" ಎಂದು ಅವಳು ಅವನ ಕೈ ಹಿಡಿದಳು.