ಕೆಂಪು ಚುಕ್ಕೆಯ ಸ್ಕ್ರೂ

ಸರಸಂಬಾದ ದೌಲತರಾಯನ ಖಾರದ ಗಿರಣಿಗೆ ಬೆಂಕಿ ಬಿದ್ದದ್ದು ಹಾಡುಹಗಲಲ್ಲೇ. ೧೯೯೪ರ ಬೇಸಿಗೆ. ಬೆಂಕಿ ಆರಿಸಿ ಒಳಗೆ ಹೋದವರಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ಕರಕಲು ಪೆಟ್ಟಿಗೆ. ಖಾರ ಕುಟ್ಟುತ್ತಿದ್ದ ಸಾಬವ್ವನ ಬಲಗೈ ಮೊಳಕೈತನಕ ಸುಟ್ಟಿತ್ತು.

ಕರೆಂಟು ನಂಬುವ ಹಾಗಿಲ್ಲವೆಂದು ದೌಲತರಾಯ ಬ್ಯಾಟರಿ ಮೋಟಾರು ಹಾಕಿಸಿದ್ದ. ಗುಂಡಿ ತಿರುವಿ ಅದರ ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ ಕಟ್ಟಿಕೊಟ್ಟವನು ಆಳಂದದ ರೇಡಿಯೋ ರಿಪೇರಿಯ ಖಾದರಸಾಬ. ಅವನು ಡೂಪ್ಲಿಕೇಟ್ ಮಾಲು ಹಾಕಿದ್ದಾನೆಂದು ದೌಲತರಾಯ ದೂರು ಕೊಟ್ಟ.

ಜಮಾದಾರ ಹುಲೆಪ್ಪ ಹಿಂದೆಮುಂದೆ ನೋಡಲಿಲ್ಲ. ಮರುದಿನ ತುಂಬಿದ ಬಜಾರದಲ್ಲಿ ಖಾದರಸಾಬನ ಕಾಲರ್ ಹಿಡಿದು ಠಾಣೆಗೆ ಎಳೆದೊಯ್ದ. ಬುತ್ತಿ ತಂದಿದ್ದ ಅವನ ಹೆಂಡತಿ ವಜೀರುನ್ನಿಸಾ ಅಂಗಡಿಯ ಬಾಗಿಲಲ್ಲೇ ನಿಂತು ನೋಡಿದಳು.

* * *

ಸುಟ್ಟುಹೋದದ್ದು ಮಾಸ್ಫೆಟ್ ಎಂಬ, ಕರೆಂಟು ಬಿಟ್ಟು ತಡೆಯುವ ಬಿಡಿಭಾಗ. ಅದೇ ಪಾಕೀಟಿನ ಇನ್ನೊಂದು ಜೇವರ್ಗಿಯ ಹಿಟ್ಟಿನ ಗಿರಣಿಯಲ್ಲಿ ಹೋಳಿಯಿಂದ ನಡೆಯುತ್ತಿದೆ ಎಂದ ಖಾದರಸಾಬ. ಹುಲೆಪ್ಪ ಜೇವರ್ಗಿಗೆ ಫೋನು ಮಾಡಿಸಿದ. ಮಾತು ನಿಜ.

"ಮತ್ಯಾಕ ಸುಟ್ತು?"

"ಪೆಟ್ಟಿಗ್ಯಾಗ ಮ್ಯಾಲೊಂದು, ಕೆಳಗೊಂದು ಮಾಸ್ಫೆಟ್ ಅದಾವ್ರಿ. ಒಂದು ಮುಚ್ಚಿದಾಗ ಇನ್ನೊಂದು ತೆರೀತದ. ಮ್ಯಾಲಿಂದು ಪೂರಾ ತೆರೀಬೇಕಂದ್ರ ಅದರ ಗೇಟಿಗೆ ಬ್ಯಾಟರಿಗಿಂತ ಹೆಚ್ಚು ವೋಲ್ಟ್ ಬೇಕು. ಅದನ್ನ ಕೊಡೋದು ಒಂದು ಸಣ್ಣ ಕೆಪಾಸಿಟರ್. ಬಾವಿಗಿಳಿಯೋ ಕೊಡ ಇದ್ದಂಗ. ಕೆಳಗಿಂದು ತೆರೆದಾಗಷ್ಟೇ ತುಂಬ್ತದ."

"ಗುಂಡಿ ಪೂರಾ ತಿರುವಿಟ್ರ?"

"ಕೆಳಗಿಂದು ತೆರೆಯೋದೇ ಇಲ್ರಿ. ಕೊಡ ಬರಿದಾಗ್ತದ. ಮ್ಯಾಲಿಂದು ಅರ್ಧಮರ್ಧ ತೆರೆದು, ಕಾದು ಸುಡ್ತದ. ಅದಕ್ಕೇ ಗುಂಡಿ ಪೂರಾ ತಿರುಗದಂಗ ಅಡ್ಡ ಸ್ಕ್ರೂ ಹಾಕೀನಿ. ಸಡಿಲಾಗಬಾರದಂತ ಮನಿಯಾಕಿ ಕೆಂಪು ನೇಲ್ ಪಾಲಿಶ್ ಹಚ್ಚೀನಿ."

"ಗಿರಣಿಗೂ ಸಿಂಗಾರ ಮಾಡೀಯೇನಲೇ?" ಎಂದು ಹುಲೆಪ್ಪ ನಕ್ಕ. ಖಾದರಸಾಬ ನಗಲಿಲ್ಲ. ಹರಿದ ಕಾಲರನ್ನು ಬೆರಳಿನಿಂದ ಮಡಚಿಕೊಂಡ. ಹುಲೆಪ್ಪನ ನಗು ಅಲ್ಲಿಗೇ ನಿಂತಿತು.

* * *

ಗಿರಣಿಯ ಪೆಟ್ಟಿಗೆಯ ಗುಂಡಿ ಕೊನೆಯತನಕ ತಿರುಗಿತ್ತು. ಸ್ಕ್ರೂ ಇರಬೇಕಾದ ತೂತು ಖಾಲಿ. ಹುಲೆಪ್ಪ ಅದರೊಳಗೆ ಕಡ್ಡಿ ಹಾಕಿ ತೆಗೆದ. ತುದಿಗೆ ಮಸಿ. ಬೆಂಕಿ ಹತ್ತಿದಾಗ ಸ್ಕ್ರೂ ಇದ್ದಿದ್ದರೆ ತೂತಿನೊಳಗೆ ಮಸಿ ಹೋಗುತ್ತಿರಲಿಲ್ಲ. ಯಾರೋ ಮೊದಲೇ ಬಿಚ್ಚಿದ್ದಾರೆ.

ಸಾಬವ್ವನನ್ನು ಕೇಳಿದ. ಅವಳು ತನ್ನ ಕೈಯ ಪಟ್ಟಿಯನ್ನೇ ನೋಡುತ್ತ, "ಧಣ್ಯಾರು ಎಂಜಿನ್ ನಡಸಿದವರ್ರಿ" ಎಂದಳು.

ಹುಲೆಪ್ಪನಿಗೆ ಅಷ್ಟೇ ಸಾಕಾಯಿತು. ಅವನ ಅಪ್ಪನೂ ಆಯಿಲ್ ಎಂಜಿನ್ನಿನವನೇ. ಹೊಸ ಎಂಜಿನ್ನನ್ನು ಮೊದಲಿಗೇ ಪೂರಾ ವೇಗಕ್ಕೆ ಬಿಡದಿದ್ದರೆ ಅದು ಜನ್ಮಪೂರ್ತಿ ಸೋಮಾರಿಯಾಗುತ್ತದೆ ಎಂಬುದು ಈ ಕಡೆಯ ಎಂಜಿನ್ನಿನವರ ನಂಬಿಕೆ. ಹೊಸ ಮೋಟಾರಿಗೂ ದೌಲತರಾಯ ಅದನ್ನೇ ಮಾಡಿರಬೇಕು. ಗಿರಣಿಯ ಹಿತ್ತಲಲ್ಲಿ ಅವನ ಹಳೆಯ ಎಂಜಿನ್ ಇತ್ತು. ಅದಕ್ಕೆ ಸ್ಪೀಕರಿನ ಅಯಸ್ಕಾಂತ ಅಂಟಿಸಿದ್ದ. ಬಿಚ್ಚಿದ ನಟ್ಟು ಬೋಲ್ಟು ಕಳೆಯಬಾರದೆಂದು ಅದಕ್ಕೇ ಅಂಟಿಸುವುದು ಅವನ ರೂಢಿ. ತುಕ್ಕು ಹಿಡಿದವುಗಳ ನಡುವೆ ಒಂದು ಹೊಸ ಸ್ಕ್ರೂ. ತಲೆಯ ಮೇಲೆ ಕೆಂಪು ಚುಕ್ಕೆ.

ಹುಲೆಪ್ಪ ಅದನ್ನು ದೌಲತರಾಯನ ಅಂಗೈಯಲ್ಲಿಟ್ಟು, ಮಸಿಯ ಕಡ್ಡಿ ತೋರಿಸಿ, ಕೊಡ ಬರಿದಾದ ಸಂಗತಿ ಹೇಳಿದ. ದೌಲತರಾಯ ಸ್ಕ್ರೂವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಸುಡ್ತದಂತ ಗೊತ್ತಿದ್ದಿಲ್ರಿ. ಸಾಬವ್ವನ ಕೈ ನೋಡಿದ ಮ್ಯಾಲ ನಾನೇ ಬಿಚ್ಚಿದ್ದಂತ ಹೇಳಾಕ ಬಾಯಿ ಬರ್ಲಿಲ್ಲ. ಅದಕ್ಕ ಅವನ ಹೆಸರು ಹೇಳಿಬಿಟ್ಟೆ." ಆಮೇಲೆ ಬೇಡಿದ: "ಕತ್ತಲಾದ ಮ್ಯಾಲ ಕರ್ಕೊಂಡು ಹೋಗ್ರಿ ಜಮಾದಾರ್ರ. ಬಜಾರದಾಗ ಮಾರಿ ಹ್ಯಾಂಗ ತೋರಿಸ್ಲಿ?"

ಹುಲೆಪ್ಪನ ಬೆರಳುಗಳಿಗೆ ಇನ್ನೂ ಆ ಕಾಲರಿನ ನೆನಪಿತ್ತು.

"ಇಬ್ಬರೂ ಬೆಳಕಿನಾಗೇ ಹೋಗೂನು," ಎಂದ.

* * *

ದೌಲತರಾಯನನ್ನು ಠಾಣೆಯೊಳಗೆ ಕೂರಿಸಿ, ಬೆಂಚಿನ ಮೇಲಿದ್ದ ಖಾದರಸಾಬನ ಮುಂದೆ ಹುಲೆಪ್ಪ ತಲೆ ತಗ್ಗಿಸಿದ.

"ನನಗ ಬ್ಯಾಡ್ರಿ," ಎಂದ ಖಾದರಸಾಬ. "ಆಕಿ ಮುಂದ ಹೇಳ್ರಿ. ನೋಡಿದಾಕಿ ಆಕಿ."

ಹುಲೆಪ್ಪ ಖಾದರಸಾಬನನ್ನು ಕರೆದುಕೊಂಡು ಹೋದಾಗ ವಜೀರುನ್ನಿಸಾ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಬುತ್ತಿಯ ಗಂಟು ಬಿಚ್ಚಿರಲಿಲ್ಲ. ಹುಲೆಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಬಜಾರದ ಮಂದಿ ನಿಂತು ನೋಡಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಬಾಯಿಗೆ ಬಂದದ್ದು ಒಂದೇ.

"ತಪ್ಪಾತವ್ವಾ."

ಅವಳು ಅವನತ್ತ ನೋಡಲಿಲ್ಲ. ಗಂಡನ ಹರಿದ ಕಾಲರನ್ನು ನೋಡಿದಳು. ಆಮೇಲೆ ಬುತ್ತಿಯ ಗಂಟು ಬಿಚ್ಚತೊಡಗಿದಳು.