ಥೇಟ್ ತಾಯಿಯಂಗೇ

“ಮತ್ತ ತಾಯಿನೇ!” ಎನ್ನುತ್ತ ಪ್ರಲ್ಹಾದ ಸಸಿಯೊಂದನ್ನು ನನ್ನ ಮೂಗಿನ ಮುಂದೆ ಹಿಡಿದ.

ರವಿವಾರ ನನ್ನನ್ನು ಹೆಣ್ಣು ನೋಡಲು ಬೆಳಗಾವಿಯ ವಕೀಲರೊಬ್ಬರು ಬರುವವರಿದ್ದರು. ಅದನ್ನು ಹೇಳಲೆಂದೇ ನಮ್ಮ ಮನೆಯಿರುವ ಖಡಕಿಯಿಂದ ಟಾಂಗಾ ಸಿಗದೆ, ಬಿಸಿಲಲ್ಲಿ ಈ ಸರ್ಕಾರಿ ಹಣ್ಣಿನ ತೋಟದವರೆಗೆ ನಡೆದು ಬಂದಿದ್ದೆ. ಇವನಿಗೋ ಜಂಬೇರಿ ನಿಂಬೆಯದೇ ಚಿಂತೆ.

ಜಂಬೇರಿಯನ್ನೂ ಸಂತ್ರ ಎಂಬ ಕಿತ್ತಳೆಯನ್ನೂ ಕೂಡಿಸಿ ಹೊಸ ಜಾತಿ ತೆಗೆದರೆ ತೋಟದ ಮೇಲಧಿಕಾರಿ ಗೋರಾ ಸಾಹೇಬ ನೌಕರಿ ಕಾಯಂ ಮಾಡುತ್ತಾನೆ, ಆಮೇಲೆ ನಿಮ್ಮಪ್ಪನ ಹತ್ತಿರ ಬಂದು ನಿನ್ನನ್ನು ಕೇಳುತ್ತೇನೆ ಎಂದಿದ್ದ. ಎಂದಿದ್ದು ಯಾವ ಕಾಲದಲ್ಲೋ! ಜಂಬೇರಿಯ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಸಂತ್ರದ ಪರಾಗ ಸವರಿ, ಮಲ್‌ಮಲ್ ಚೀಲ ಕಟ್ಟಿ ಕಾಯುವುದು. ಬೀಜ ಮೊಳೆತರೆ ಒಂದೊಂದರಲ್ಲಿ ಎರಡು ಮೂರು ಸಸಿ, ಅಷ್ಟೂ ತಾಯಿ ಗಿಡದಂತೆ ಜಂಬೇರಿಯೇ.

“ಹಂಗಾದ್ರ ಸಂತ್ರದ ಪರಾಗ ಏನಾತು?” ಎಂದೆ, ಹಲ್ಲು ಕಚ್ಚಿಕೊಂಡು.

“ಬೀಜದೊಳಗ ತಾಯಿ ತನ್ನ ಮೈಯಿಂದನ ಸಸಿ ಮಾಡ್ಕೋತಾಳ, ಇಂದೂ. ಅಪ್ಪನ ಪರಾಗದ ಸಸಿ ಇದ್ರೂ ತಾಯಿ ಸಸಿಗೋಳು ಅದನ್ನ ಒತ್ತಿ ಬಿಡ್ತಾವ.”

“ಭಾಳ ಶಾಣ್ಯಾ ಗಿಡ. ಯಾರಿಗೂ ಕಾಯ್ಕೋತ ಕೂಡೂದಿಲ್ಲ.”

“ಹೌದಲ್ಲ!” ಎಂದು ಖುಷಿಯಾದ. ಪುಣ್ಯಾತ್ಮನಿಗೆ ಚುಚ್ಚಿದ್ದೂ ತಿಳಿಯಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

“ಪ್ರಲ್ಹಾದರಾವ್, ಆ ಗಿಡಕ್ಕ ಗಂಡ ಬ್ಯಾಡ. ನನಗ ಬೇಕು! ಈಗ ಮನಿಗೆ ಬರ್ತೀರೋ, ರವಿವಾರ ಆ ವಕೀಲರಿಗೆ ಅವಲಕ್ಕಿ ಹಚ್ಚಿ ಕೊಡ್ಲೋ?”

ಕೈಯಲ್ಲಿದ್ದ ಸಸಿ ಕೆಳಗೆ ಬಿತ್ತು. ಕಿವಿ ಕೆಂಪಾದವು. ಎಲೆಗಳನ್ನು ನೋಡುವಷ್ಟು ಹೊತ್ತು ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ನನಗೆ ಸಿಟ್ಟೂ ಇತ್ತು, ಅಳುವೂ ಬರುತ್ತಿತ್ತು.

“ನೌಕರಿ ಇನ್ನೂ ಕಾಯಂ ಇಲ್ಲಲ್ಲ…”

“ನಾ ನೌಕರಿ ಕೇಳ್ಲಿಲ್ಲ.”

“ನೀ ಇಲ್ದಿದ್ರ ಈ ತೋಟನೂ ಬ್ಯಾಡ ನನಗ,” ಎಂದ, ಮೆಲ್ಲಗೆ. ಇಷ್ಟು ಹೇಳಲು ಇವನಿಗೆ ಬೆಳಗಾವಿಯ ವಕೀಲರು ಬೇಕಾದರು! ಮಣ್ಣಿನ ಕೈ ತೊಳೆದು ನನ್ನ ಜೊತೆ ಹೊರಟ.

ಅವ್ವ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಸುತ್ತಿ ಬಳಸುವ ತಾಳ್ಮೆ ನನಗಿರಲಿಲ್ಲ.

“ಅವ್ವಾ, ನಾನೇ ಹೋಗಿ ಕೇಳಿ ಇವರನ್ನ ಕರ್ಕೊಂಡು ಬಂದೀನಿ.”

ಅವ್ವ ಮೊರ ಕೆಳಗಿಟ್ಟಳು. ಕಪಾಳಕ್ಕೆ ಬೀಳುವುದೇ ಎಂದುಕೊಂಡೆ. ಅವಳು ಪ್ರಲ್ಹಾದನನ್ನು ನೋಡಿದಳು.

“ನೌಕರಿ ಕಾಯಂ ಆಗ್ಲಿ ಅಂತ ಇಕಿ ಅಪ್ಪಾರೂ, ಮದುವಿ ಆದಮ್ಯಾಲೂ, ನನ್ನ ಧಾರವಾಡದ ತವರಾಗ ಕೂಡಿಸಿದ್ರು. ನಾನೇ ಟ್ರಂಕ್ ಹಿಡ್ಕೊಂಡು ರೈಲು ಹತ್ತಿ ಬಂದು ಈ ಬಾಗಲದಾಗ ನಿಂತೆ. ಒಳಗ ಬರ್ರಿ. ಅವರು ಬರೂದ್ರಾಗ ಚಾ ಮಾಡ್ತೀನಿ.”

ಪ್ರಲ್ಹಾದ ಚಪ್ಪಲಿ ಬಿಡುತ್ತ ಅವ್ವನನ್ನು ನೋಡಿದ, ನನ್ನನ್ನು ನೋಡಿದ.

“ಇಲ್ಲೂ ತಾಯಿನೇ,” ಎಂದ. ಈ ಸಲ ಅವನಿಗೆ ತಕರಾರಿರಲಿಲ್ಲ.