ಗೋಡೆಯ ಪಾಲಿನ ಕಿತ್ತಳೆ

"ಬದುಕೋ ಆಸೆ ಇಲ್ವಾ ನಿಮಗೆ?"

ಆಸ್ಪತ್ರೆಯ ಡಯಟಿಷಿಯನ್ ಅವನಿಗೆ ಹೇಳಿದ ಮೊದಲ ಮಾತೇ ಇದು! ಎಕ್ಸ್-ರೇ ಟೆಕ್ನಿಷಿಯನ್ ಆಗಿದ್ದ ಅವನು ಹಳೆಯ ಫೈಲುಗಳ ನಡುವಿನಿಂದ ಪಿಳಿಪಿಳಿ ಕಣ್ಣು ಬಿಟ್ಟ. ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಅವನ ಬ್ಯಾಡ್ಜ್ ಆ ತಿಂಗಳು ಮಿತಿ ಮೀರಿತ್ತು. ನೋಟಿಸ್ ಬೋರ್ಡಿಗೂ ಬಂದಿತ್ತು ಸುದ್ದಿ. ಅದಕ್ಕೇ ಅವನನ್ನು ರೆಕಾರ್ಡ್ ರೂಮಿಗೆ ಹಾಕಿದ್ದರು.

ಅವಳು ಡಬ್ಬಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಕಿತ್ತಳೆ, ಕ್ಯಾರೆಟ್, ಬಾದಾಮಿ.

"ವಿಕಿರಣ ಮೈಯೊಳಗೆ ಫ್ರೀ ರ‍್ಯಾಡಿಕಲ್ ಅನ್ನೋ ಪುಂಡರನ್ನ ಹುಟ್ಟಿಸುತ್ತೆ. ಇದರಲ್ಲಿರೋ ಆಂಟಿಆಕ್ಸಿಡೆಂಟುಗಳು ಅವರ ಕೈ ಕಟ್ಟಿಹಾಕಬಹುದು. ಬಹುದು, ಅಷ್ಟೇ! ವಿಕಿರಣ ತಡೆಯೋ ಸೀಸದ ಏಪ್ರನ್ ಬಿಟ್ಟು ಇದನ್ನೇ ನಂಬ್ಕೋಬೇಡಿ."

"ನಿಮಗ್ಯಾಕೆ ಇಷ್ಟು..."

"ತಿನ್ನಿ ಸುಮ್ನೆ."

ಮೂರು ವಾರ ಡಬ್ಬಿ ತಪ್ಪಲಿಲ್ಲ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಇಲ್ಲಿ ಅರವತ್ತು ರೋಗಿಗಳ ಊಟದ ಪಟ್ಟಿ. ಅದರ ಮೇಲೆ ನಸುಕಿಗೇ ಎದ್ದು ಇವನಿಗಾಗಿ ಹೆಚ್ಚುವುದು ಬೇರೆ. ‘ಇವನಿಗೆ ಏನಾದರೂ ಆದರೆ...’ ಎಂದು ಎದೆ ಧಸಕ್ಕೆಂದಾಗಲೇ ಅವಳಿಗೆ ತಿಳಿದದ್ದು, ತಾನು ಮನಸ್ಸು ಕೊಟ್ಟು ಕೂತಿದ್ದೇನೆ ಎಂದು.

ಆ ದಿನ ಡಬ್ಬಿ ಇಟ್ಟವಳು ಬೀರುವಿಗೆ ಒರಗಿ, ನಿಂತಲ್ಲೇ ತೂಕಡಿಸಿದಳು. ಬೆರಳಿನಲ್ಲಿ ಚಾಕು ತಾಗಿದ ಹೊಸ ಗಾಯ. ಅವನು ಡಬ್ಬಿಯನ್ನು ತೆರೆಯದೆ ಪಕ್ಕಕ್ಕೆ ಸರಿಸಿದ.

"ಒಂದು ಮಾತು... ನಂಗೆ ಏನೂ ಆಗಿಲ್ಲ. ಪಾಳಿ ಮುಗಿದ ಮೇಲೆ ಬ್ಯಾಡ್ಜ್ ಸಮೇತ ಏಪ್ರನ್ನನ್ನ ಎಕ್ಸ್-ರೇ ರೂಮಿನ ಗೋಡೆ ಮೊಳೆಗೇ ನೇತುಹಾಕಿ ಹೋಗ್ತಿದ್ದೆ. ಆಮೇಲೆ ಬೇರೆಯವರು ತೆಗೆದ ಎಕ್ಸ್-ರೇ ಎಲ್ಲಾ ಆ ಬ್ಯಾಡ್ಜಿಗೇ ತಗುಲಿದೆ, ನಂಗಲ್ಲ. ಮೇಲಿನವರಿಗೆ ಆಗಲೇ ಹೇಳಿದೀನಿ, ವಿಚಾರಣೆ ಮುಗಿಯೋವರೆಗೂ ಇಲ್ಲೇ ಇರು ಅಂದಿದಾರೆ. ನಿಮಗೆ ಮಾತ್ರ..."

"ಯಾವಾಗ ಗೊತ್ತಾಯ್ತು?"

"ಎರಡನೇ ಡಬ್ಬಿ ತಂದ ದಿನ."

ಅವಳ ನಿದ್ದೆ ಹಾರಿಹೋಯಿತು. "ಅಂದ್ರೆ ಇಷ್ಟು ದಿನ ನಾನು ಗೋಡೆಗೆ ಕಿತ್ತಳೆ ಸುಲೀತಿದ್ನಾ!"

"ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಭಯ ಆಯ್ತು..."

ಬೈಯಬೇಕೆಂದು ಬಾಯಿ ತೆರೆದಳು. ಬೈಯುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಕಣ್ಣೀರು ಬಂತು.

"ನಿಮಗೇನೋ ಆಗಿಹೋಗುತ್ತೆ ಅಂತ ದಿನಾ ಸತ್ತಿದೀನಿ ನಾನು!"

"ತಪ್ಪಾಯ್ತು." ಅವನು ತನ್ನ ಕುರ್ಚಿಯನ್ನು ಎಳೆದು ಅವಳ ಮುಂದಿಟ್ಟ. "ನಾಳೆಯಿಂದ ಏನೂ ತರಬೇಡಿ. ಸುಮ್ನೆ ಬನ್ನಿ."

"ಬಂದು?"

"ಕೂತ್ಕೊಳ್ಳಿ. ನಿಮ್ಮನ್ನ ಕೂತ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ದು ಇದುವರೆಗೂ ನೋಡಿಲ್ಲ ನಾನು."

ಅವಳು ಕುಳಿತಳು. ಎಷ್ಟೋ ವರ್ಷಗಳ ದಣಿವು ಒಮ್ಮೆಲೇ ಕಾಲಿಗಿಳಿಯಿತು.

"ಎಷ್ಟು ಹೊತ್ತು ಕೂರಬಹುದು?"

"ಸಾಕು ಅನ್ನಿಸೋವರೆಗೂ."

"ನಂಗೆ ಅಷ್ಟು ಬೇಗ ಸಾಕು ಅನ್ನಿಸಲ್ಲ, ಈಗಲೇ ಹೇಳಿರ್ತೀನಿ..."

"ನಂಗೂ ಅನ್ನಿಸಲ್ಲ," ಎಂದ ಅವನು.